ಗರಡಿಯ ಸುರಿಗೆ

ಗರಡಿಯೆಂದರೆ ಮೈಸೂರು ಸೀಮೆಯವರಿಗೆ ಮಲ್ಲವಿದ್ಯೆಯ ಮನೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಹಳ್ಳಿಗರಿಗಾದರೋ ಕೋಟಿ ಚೆನ್ನಯರೆಂಬ ಬೈದರ್ಕಳ ಗುಡಿ. ಅಲ್ಲಿ ಹಿಂದೆ ಆಯುಧವಿದ್ಯೆಗೆ ಮನ್ನಣೆಯಿದ್ದಿತೆಂಬುದಕ್ಕೆ ಆ ಹೆಸರೇ ಸಾಕ್ಷಿ.

ಪಾಡ್ದನದ ಈ ಅವಳಿವೀರರು ಗದ್ದೆಯ ನೀರಿನ ಜಗಳದಲ್ಲಿ ಬುದ್ಯಂತನನ್ನು ಕೊಂದು, ಪುತ್ತೂರು ಸೀಮೆಯ ಪಡುಮಲೆಯನ್ನು ತೊರೆದು, ಕಡೆಗೆ ಸುಳ್ಯದ ಎಣ್ಮೂರಿನಲ್ಲಿ ಮಡಿದರು. ಅವರ ಕೈಯಾಯುಧವೇ ಸುರಿಗೆಯೆಂಬ ಕಿರುಗತ್ತಿ. 1874ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಈ ಕಥೆಯನ್ನು 1924ರಲ್ಲಿ ಕನ್ನಡ ಗದ್ಯಕ್ಕೆ ತಂದರು.

ನೇಮದ ರಾತ್ರಿ ದರ್ಶನದ ಪಾತ್ರಿಯು ಸುರಿಗೆ ಹಿಡಿದು ಮೊನೆಯನ್ನು ತನ್ನ ಮೈಗೇ ತಿರುಗಿಸುವನು, ಎದುರಾಳಿಯಿಲ್ಲ. ಜಾವಾದ್ವೀಪದ ಸಿಲಾಟ್ ಗುರುಗಳು ಚೂರಿಯ ಪಟ್ಟನ್ನೂ ಅದನ್ನು ತಡೆಯುವ ಬಗೆಯನ್ನೂ ಇಂದಿಗೂ ಶಿಷ್ಯರಿಗೆ ಕಲಿಸುವರು. ನಮ್ಮಲ್ಲಿ ಆಯುಧವು ಪೂಜೆಗೊಂಡು ಉಳಿಯಿತು, ವಿದ್ಯೆಯು ಮರೆಯಾಯಿತು. ಪಾತ್ರಿಯ ಹೆಜ್ಜೆ, ಹಿಡಿತಗಳನ್ನಾದರೂ ಬಲ್ಲವರು ಬರೆದಿಡುವುದು ನಾಡಿನ ಚರಿತ್ರೆಗೆ ಉಪಕಾರವಾದೀತು.