ಹೀವ್

ಭಾರವಾದದ್ದನ್ನು ಮೈಯ ಬಲವನ್ನೆಲ್ಲ ಹಾಕಿ ಎತ್ತುವುದು, ಎಳೆಯುವುದು ಇಲ್ಲವೆ ಎಸೆಯುವುದು ಎಂಬ ಅರ್ಥದ ಇಂಗ್ಲಿಷ್ ಕ್ರಿಯಾಪದ. ಬರಿದೇ ಎತ್ತುವುದಕ್ಕೆ ಆ ಭಾಷೆಯಲ್ಲಿ ‘ಲಿಫ್ಟ್’ ಇದೆ, ಹಗ್ಗ-ರಾಟೆಗಳಿಂದ ಮೇಲೇರಿಸುವುದಕ್ಕೆ ‘ಹಾಯ್ಸ್ಟ್’ ಇದೆ. ಹೀವ್ ಎಂದರೆ ಪ್ರಯಾಸ. ಮೇಜಿನ ಮೇಲಿನ ಪುಸ್ತಕವನ್ನು ಕೈಗೆತ್ತಿಕೊಳ್ಳುವುದು ಲಿಫ್ಟ್. ಅಕ್ಕಿಮೂಟೆಯನ್ನು ಲಾರಿಗೆ ಏರಿಸುವುದು ಹೀವ್.

ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಹೆಬ್ಬನ್’. ಜರ್ಮನ್ ಭಾಷೆಯ ‘ಹೇಬೆನ್’, ಡಚ್ಚಿನ ‘ಹೆಫೆನ್’ ಇದರ ಒಡಹುಟ್ಟುಗಳು. ‘ಹಿಡಿ’ ಎಂಬರ್ಥದ ಲ್ಯಾಟಿನ್ ‘ಕಾಪೆರೆ’ ಕೂಡ ಇದೇ ಬೇರಿನದು. ಲ್ಯಾಟಿನ್ನಿನಲ್ಲಿ ಉಳಿದ ಕಕಾರ ಜರ್ಮಾನಿಕ್ ಭಾಷೆಗಳಲ್ಲಿ ಹಕಾರವಾದ ಬಗೆಯನ್ನು ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ. ಹಳಗನ್ನಡದ ‘ಪಾಲ್’ ‘ಹಾಲು’ ಆದದ್ದನ್ನು ಬಲ್ಲ ನಮಗೆ ಇಂಥ ಪಲ್ಲಟ ಹೊಸದಲ್ಲ. ‘ಹೆವಿ’ ಹುಟ್ಟಿದ್ದೂ ಇದೇ ಮೂಲದಿಂದ: ಎತ್ತಲು ಕಷ್ಟವಾದದ್ದೇ ಭಾರ.

1611ರ ಇಂಗ್ಲಿಷ್ ಬೈಬಲಿನಲ್ಲಿ ಯಾಜಕರ ಪಾಲಿಗೆ ಎತ್ತಿಡುವ ಕಾಣಿಕೆಗೆ ‘ಹೀವ್ ಆಫರಿಂಗ್’ ಎಂಬ ಹೆಸರಿದೆ. ಅಲ್ಲಿ ಪ್ರಯಾಸದ ಸುಳಿವಿಲ್ಲ, ಬರಿಯ ಎತ್ತುವ ಹಳೆಯ ಅರ್ಥವಷ್ಟೇ ಇದೆ.

ಈ ಪದಕ್ಕೆ ನಿಜವಾದ ಕಸುವು ಬಂದದ್ದು ಹಾಯಿಹಡಗುಗಳ ಮೇಲೆ. ಲಂಗರು ಎತ್ತಲು ‘ಕ್ಯಾಪ್‌ಸ್ಟನ್’ ಎಂಬ ನಿಲುವುರುಳೆ ಇರುತ್ತಿತ್ತು. ನಾವಿಕರು ಅದರ ತಲೆಯ ಗೂಡುಗಳಿಗೆ ಮರದ ಸನ್ನೆಗಳನ್ನು ಸಿಕ್ಕಿಸಿ, ಎದೆಯೊತ್ತಿ, ಗಾಣದ ಎತ್ತುಗಳಂತೆ ಸುತ್ತುತ್ತಿದ್ದರು. ಬುಡದ ನಾಲಗೆಗಳು ಒಂದೊಂದಾಗಿ ಕಚ್ಚಿಕೊಂಡು, ಗೆದ್ದ ಹಗ್ಗ ಮತ್ತೆ ಹಿಂದಕ್ಕೆ ಜಾರದಂತೆ ತಡೆಯುತ್ತಿದ್ದವು. ‘ಹೀವ್ ಹೋ’ ನಾವಿಕರು ಸೇರಿ ಎಳೆಯುವಾಗಿನ ಕೂಗು. ನಮ್ಮ ಕರಾವಳಿಯ ಮೊಗವೀರರು ಬಲೆ ಎಳೆಯುವಾಗಿನ ‘ಐಸಾ’ದ ಕೆಲಸವೂ ಇದೇ: ಹತ್ತಾರು ಮೈಗಳ ಬಲ ಒಂದೇ ಗಳಿಗೆಯಲ್ಲಿ ಬೀಳಬೇಕು.

ಆಳ ನೋಡಲು ಸೀಸದ ಗುಂಡನ್ನು ಕಡಲಿಗೆ ಎಸೆಯುವುದೂ ಹೀವ್ ಆಯಿತು. ಗುಂಡಿನ ತಳದ ಕುಳಿಗೆ ಕೊಬ್ಬು ಮೆತ್ತಿರುತ್ತಿದ್ದರು. ಅದಕ್ಕೆ ಅಂಟಿ ಬಂದ ಮರಳು, ಚಿಪ್ಪು ನೋಡಿದರೆ ಕೆಳಗಿನ ನೆಲ ಎಂಥದ್ದೆಂದು ತಿಳಿಯುತ್ತಿತ್ತು. ‘ಹೋವ್’ ಎಂಬ ಭೂತಕಾಲದ ರೂಪ ಇಂದಿಗೂ ಹೆಚ್ಚಾಗಿ ಉಳಿದಿರುವುದು ಹಡಗಿನ ಮಾತಿನಲ್ಲೇ. ಗಾಳಿಗೆ ಹಾಯಿಗಳನ್ನು ಎದುರುಬದುರಾಗಿಸಿ ಹಡಗನ್ನು ತಡೆದು ನಿಲ್ಲಿಸಿದರೆ ‘ಹೋವ್ ಟು’. ಉಳಿದೆಡೆ ‘ಹೀವ್ಡ್’ ಸಾಕು.

ನಿಟ್ಟುಸಿರು, ಓಕರಿಕೆ, ಏದುಸಿರಿಗೆ ಏರಿಳಿಯುವ ಎದೆ, ಅಲೆಯ ಮೇಲೆ ಹಡಗು ಮೇಲೆ-ಕೆಳಗೆ ಆಡುವುದು, ಚಳಿನಾಡುಗಳಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ರಸ್ತೆ ಉಬ್ಬುವುದು, ಎಲ್ಲಕ್ಕೂ ಇದೇ ಪದ.

ಕನ್ನಡಕ್ಕೆ ತರುವಾಗ ‘ಎತ್ತು’ ಒಂದರಿಂದ ಕೆಲಸ ಸಾಗದು. ಬಂಡೆಯಾದರೆ ಮೀಟಬೇಕು, ನಿಟ್ಟುಸಿರಾದರೆ ಬಿಡಬೇಕು, ಕಡಲಾದರೆ ಉಬ್ಬಬೇಕು. ಮೂಟೆಯಾದರೆ ತಿಣುಕಿ ಎತ್ತಿದರು ಎಂದೇ ಬರೆಯಿರಿ. ಆ ‘ತಿಣುಕಿ’ಯನ್ನು ಬಿಟ್ಟರೆ ಅನುವಾದದಲ್ಲಿ ಹೀವ್ ಉಳಿಯುವುದಿಲ್ಲ.