ಸೋಫಾ, ಮೂಲೆ ಮತ್ತು ಅಜ್ಜನ ಮನೆಯ ಪಣತ

1966ರಲ್ಲಿ ಲಿಯೋ ಮೋಸರ್ ಎಂಬ ಕೆನಡಾದ ಗಣಿತಜ್ಞ ಒಂದು ಪ್ರಶ್ನೆಯನ್ನು ಪ್ರಕಟಿಸಿದ. ಒಂದು ಮೀಟರ್ ಅಗಲದ ಓಣಿ ಇದೆ, ಅದು ಎಲ್ ಆಕಾರದಲ್ಲಿ ತಿರುಗುತ್ತದೆ ಅಂದುಕೊಳ್ಳಿ. ಆ ಮೂಲೆ ದಾಟಿಸಬಹುದಾದ ಅತಿ ದೊಡ್ಡ ಸಾಮಾನಿನ ವಿಸ್ತೀರ್ಣ ಎಷ್ಟು? ಷರತ್ತು ಬಿಗಿ: ಎತ್ತುವಂತಿಲ್ಲ, ನೆಟ್ಟಗೆ ನಿಲ್ಲಿಸುವಂತಿಲ್ಲ, ನೆಲದ ಮೇಲೆ ಜರುಗಿಸಬೇಕು, ತಿರುಗಿಸಬೇಕು ಅಷ್ಟೆ. ಗಣಿತದವರು ಇದನ್ನು ಸೋಫಾ ಸಮಸ್ಯೆ ಎಂದೇ ಕರೆಯುತ್ತಾರೆ. ಪುಣೆಯಲ್ಲಿ ನಾಲ್ಕು ಸಲ ಬಾಡಿಗೆ ಮನೆ ಬದಲಿಸಿದ ನನಗೆ ಪ್ರಶ್ನೆ ಹೊಸದಲ್ಲ, ಅದಕ್ಕೊಂದು ಇತಿಹಾಸ ಇದೆ ಎಂಬುದಷ್ಟೇ ಹೊಸದಾಗಿತ್ತು.

ಒಂದು ಮೀಟರ್ ಚೌಕದ ಪೆಟ್ಟಿಗೆ ಸುಲಭವಾಗಿ ಹೋಗುತ್ತದೆ. ಮೂಲೆಯವರೆಗೆ ತಳ್ಳಿ, ತಿರುಗಿಸದೆ ಪಕ್ಕಕ್ಕೆ ತಳ್ಳಿದರಾಯಿತು. ಒಂದು ಮೀಟರ್ ತ್ರಿಜ್ಯದ ಅರ್ಧವೃತ್ತವನ್ನು ಮೂಲೆಯಲ್ಲಿ ತಿರುಗಿಸಬಹುದು, ಅದು 1.57 ಚದರ ಮೀಟರ್. 1968ರಲ್ಲಿ ಇಂಗ್ಲೆಂಡಿನ ಜಾನ್ ಹ್ಯಾಮರ್ಸ್ಲಿ ಆ ಅರ್ಧವೃತ್ತವನ್ನು ನಡುವೆ ಸೀಳಿ, ಎರಡು ಹೋಳುಗಳನ್ನು ದೂರ ಸರಿಸಿ, ಮಧ್ಯೆ ಒಂದು ಆಯತ ಕೂರಿಸಿದ. ಆಯತದ ಒಳಬದಿಯಲ್ಲಿ ಅರ್ಧವೃತ್ತಾಕಾರದ ಒಂದು ಕಚ್ಚು ತೆಗೆದ. ತಿರುಗುವಾಗ ಗೋಡೆಯ ಚೂಪು ಮೂಲೆ ಆ ಕಚ್ಚಿನೊಳಗೆ ಆಡುತ್ತದೆ. ನೋಡಲು ಹಳೇ ಟೆಲಿಫೋನ್ ರಿಸೀವರ್, ವಿಸ್ತೀರ್ಣ 2.2074. ಸ್ವಲ್ಪ ಬಿಟ್ಟುಕೊಟ್ಟು ಹೆಚ್ಚು ಪಡೆಯುವ ಈ ಉಪಾಯ ನನಗೆ ಬಹಳ ಹಿಡಿಸಿತು. (ಹ್ಯಾಮರ್ಸ್ಲಿ ಇದನ್ನು ಬರೆದದ್ದು ಶಾಲೆಗಳಲ್ಲಿ ಕಲಿಸುವ 'ಆಧುನಿಕ ಗಣಿತ'ವನ್ನು ಬೈಯುವ ಪ್ರಬಂಧವೊಂದರಲ್ಲಿ!)

ಮುಂದಿನ ಸುಧಾರಣೆಗೆ 24 ವರ್ಷ ಹಿಡಿಯಿತು. 1992ರಲ್ಲಿ ಅಮೆರಿಕದ ಜೋಸೆಫ್ ಗರ್ವರ್ ಅಂಚುಗಳನ್ನು ನಯವಾಗಿ ಮಸೆದು, 18 ತುಂಡುಗಳ ಗಡಿಯಿರುವ ಆಕಾರ ಕೊಟ್ಟ: 2.2195. ಲೆಕ್ಕ ಹಾಕಿ ನೋಡಿದೆ, ದಕ್ಕಿದ್ದು 11 ಸೆಂಟಿಮೀಟರಿನ ಒಂದು ಚೌಕದಷ್ಟು ಜಾಗ. ನಮ್ಮ ಪ್ರಾಜೆಕ್ಟುಗಳಲ್ಲಿ ಇಷ್ಟಕ್ಕೆ ಯಾರೂ ಬಜೆಟ್ ಕೊಡುವುದಿಲ್ಲ. ಅದಕ್ಕಿಂತ ದೊಡ್ಡದು ಸಾಧ್ಯವೇ ಇಲ್ಲ ಎಂಬ ಸಾಧನೆಯನ್ನು ಕೊರಿಯಾದ ಜಿನಿಯಾನ್ ಬೇಕ್ ಮಂಡಿಸಿದ್ದು 2024ರ ನವೆಂಬರಿನಲ್ಲಿ, 119 ಪುಟಗಳಲ್ಲಿ. ಅದೂ ಕಂಪ್ಯೂಟರನ್ನು ನೆಚ್ಚಿಕೊಳ್ಳದೆ.

ಜನ ಮಾತ್ರ 58 ವರ್ಷ ಕಾಯುತ್ತಾ ಕೂರಲಿಲ್ಲ. ಆಮ್‌ಸ್ಟರ್‌ಡ್ಯಾಮಿಗೆ ಆನ್‌ಸೈಟ್ ಹೋದವರು ಕಾಲುವೆ ಪಕ್ಕದ ಹಳೇ ಮನೆಗಳ ನೆತ್ತಿಯಲ್ಲಿ ಮುಂಚಾಚಿದ ತೊಲೆ, ಅದಕ್ಕೊಂದು ಕೊಕ್ಕೆ ನೋಡಿರುತ್ತೀರಿ. ಮೆಟ್ಟಿಲು ಅಷ್ಟು ಕಡಿದು, ಅಷ್ಟು ಇಕ್ಕಟ್ಟು. ಹಾಗಾಗಿ ಸಾಮಾನನ್ನು ಹಗ್ಗ ಕಟ್ಟಿ ಕಿಟಕಿಯಿಂದಲೇ ಒಳಗೆ ಎಳೆದುಕೊಳ್ಳುತ್ತಾರೆ. ಇನ್ನೊಂದು ದಾರಿ, ಬಿಚ್ಚುವುದು. 1859ರಲ್ಲಿ ಮೈಕೇಲ್ ಥೋನೆಟ್ ಹಬೆಯಲ್ಲಿ ಬಗ್ಗಿಸಿದ ಬೀಚ್ ಮರದಿಂದ 14ನೇ ನಂಬರಿನ ಕುರ್ಚಿ ಮಾಡಿದ. ಆರು ತುಂಡು, ಹತ್ತು ಸ್ಕ್ರೂ, ಎರಡು ನಟ್. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು. 1956ರಲ್ಲಿ ಐಕಿಯಾದ ಗಿಲ್ಲಿಸ್ ಲಂಡ್‌ಗ್ರೆನ್ ಕಾರಿಗೆ ಹಿಡಿಸದ ಮೇಜಿನ ಕಾಲು ಕಳಚಿದ್ದೂ ಇದೇ ಜಾಡು. ಹೈದರಾಬಾದು, ನವಿ ಮುಂಬೈ, ಬೆಂಗಳೂರುಗಳಲ್ಲಿ ಚಪ್ಪಟೆ ಡಬ್ಬ ಹೊತ್ತು ತರುವ ನಾವೆಲ್ಲ ಆ ಕಾಲು ಕಳಚಿದವನ ಗಿರಾಕಿಗಳು.

ಮೂರನೆಯ ದಾರಿ ನಮ್ಮ ಮಲೆನಾಡಿನದು: ಒಳಗೇ ಕಟ್ಟುವುದು. ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯಲ್ಲಿ ಭತ್ತ ತುಂಬುವ ಪಣತ ಇದೆ. ಏಳು ಅಡಿ ಉದ್ದ, ನಾಲ್ಕು ಅಡಿ ಅಗಲ, ನನ್ನ ಎದೆಯೆತ್ತರ. ಕೋಣೆಯ ಬಾಗಿಲು ಎರಡೂವರೆ ಅಡಿ. ಆಚಾರ್ರು ಹಲಸಿನ ಹಲಗೆಗಳನ್ನು ಒಂದೊಂದಾಗಿ ಒಳಗೆ ಒಯ್ದು, ಅಲ್ಲೇ ಕೂತು, ಮೊಳೆಯಿಲ್ಲದೆ ಮರದ ಬೆಣೆ ಹೊಡೆದು ಕೂಡಿಸಿದ್ದಂತೆ. ಅದು ಹೊರಗೆ ಹೋಗುವುದನ್ನು ಅವರಾಗಲೀ ಅಜ್ಜನಾಗಲೀ ಯೋಚಿಸಿರಲಾರರು. ಮನೆ ಬಿಟ್ಟು ಹೋಗುವ ಮೊಮ್ಮಕ್ಕಳನ್ನೂ ಅವರು ಯೋಚಿಸಿರಲಿಲ್ಲ.

ಈಗ ಆ ಮನೆ ಮಾರಾಟವಾಗಿದೆ. ಯುಗಾದಿ ಕಳೆದ ಮೇಲೆ ಬೀಗದ ಕೈ ಕೊಡಬೇಕು. ಊರಲ್ಲಿ ಈಗಿರುವ ಆಚಾರ್ರನ್ನು ಕರೆಸಿ ಕೇಳಿದೆ. ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. "ಬೆಣೆ ಬಿಡಿಸಬಹುದು ಸ್ವಾಮಿ. ಆದರೆ ತೂತುಗಳು ಸವೆದಿವೆ, ಮತ್ತೆ ಕೂಡಿಸಿದರೆ ಮೊದಲಿನ ಹಾಗೆ ಬಿಗಿ ಬರೋದಿಲ್ಲ" ಅಂದರು. ಚಿಕ್ಕಪ್ಪನಿಗೆ ಅಷ್ಟೇ ಸಾಕಾಯಿತು. "ಬಿಚ್ಚಿದ ಮೇಲೆ ಅದು ಪಣತ ಅಲ್ಲ ಕಣೋ, ಸೌದೆ. ಮನೆ ತಗೊಂಡೋರಿಗೇ ಇರಲಿ ಬಿಡು" ಅಂತ ಅವರ ವಾದ. ಅತ್ತೆಗೆ ಒಂದು ಹಲಗೆಯಾದರೂ ಬೇಕು. ನನ್ನ ಮತ ಬಿಚ್ಚುವ ಕಡೆಗೆ. ಮನೆ ಕೊಂಡವರು ಆ ಕೋಣೆ ಒಡೆದು ಹೋಮ್‌ಸ್ಟೇ ಮಾಡುತ್ತಾರಂತೆ, ಆಗ ಪಣತಕ್ಕೆ ಬೀಳುವುದು ಗರಗಸವೇ.

ಏಪ್ರಿಲ್ ಮೊದಲ ವಾರಕ್ಕೆ ರಜೆ ಹಾಕಿದ್ದೇನೆ. ಹಲಗೆಗಳಿಗೆ ಹಾಕಲು ಸೀಮೆಸುಣ್ಣದ ನಂಬರುಗಳ ಪಟ್ಟಿ ಎಕ್ಸೆಲ್‌ನಲ್ಲಿ ತಯಾರಿದೆ. ಚಿಕ್ಕಪ್ಪ ಇನ್ನೂ ಹೂಂ ಅಂದಿಲ್ಲ.