ಮದ್ದಿನ ಬೆಲೆಯೂ ರಾಜ್ಯಧರ್ಮವೂ

ನಾಲ್ಕು ದಿನದ ಜ್ವರಕ್ಕೆ ಮದ್ದು ಕೊಳ್ಳುವುದು ಒಂದು ಬಗೆಯ ವೆಚ್ಚ. ಬದುಕಿರುವವರೆಗೂ ನಿತ್ಯವೂ ಮದ್ದು ಸೇವಿಸುವುದು ಬೇರೊಂದು ಬಗೆಯದು. ಮೊದಲನೆಯದನ್ನು ಸಂಸಾರವು ಹೇಗೋ ತಾಳಿಕೊಳ್ಳುತ್ತದೆ. ಎರಡನೆಯದು ಮನೆವಾರ್ತೆಯ ಬುಡವನ್ನೇ ಕೊರೆಯುತ್ತದೆ. ಈ ಹೊರೆಯಲ್ಲಿ ಸರ್ಕಾರದ ಪಾಲೆಷ್ಟು? ಬ್ರಿಟನ್ ದೇಶವು ಈ ಪ್ರಶ್ನೆಯನ್ನು ಎದುರಿಸಿದ ಬಗೆಯನ್ನು ಇಲ್ಲಿ ವಿಚಾರ ಮಾಡೋಣ.

1948ನೆಯ ಇಸವಿ ಜುಲೈ 5ನೆಯ ತಾರೀಖು ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯು ಆರಂಭವಾಯಿತು. ವೈದ್ಯನು ಬರೆದುಕೊಟ್ಟ ಔಷಧಕ್ಕೆ ರೋಗಿಯು ಕಾಸನ್ನೂ ತೆರಬೇಕಾಗಿರಲಿಲ್ಲ. ಆದರೆ ಬೊಕ್ಕಸದ ಮೇಲಣ ಭಾರವು ಬಹು ಬೇಗ ಹೆಚ್ಚಿತು. 1951ರಲ್ಲಿ ಕಟ್ಟುಹಲ್ಲಿಗೂ ಕನ್ನಡಕಕ್ಕೂ ಶುಲ್ಕ ವಿಧಿಸಲು ಸರ್ಕಾರವು ನಿಶ್ಚಯಿಸಲಾಗಿ, ಈ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ನರು ಮಂತ್ರಿಪದವಿಯನ್ನು ತ್ಯಜಿಸಿದರು. ಅವರೊಡನೆ ಹೊರಬಂದವರಲ್ಲಿ ಹೆರಾಲ್ಡ್ ವಿಲ್ಸನ್ನರೂ ಒಬ್ಬರು. ಮರುವರ್ಷ ಔಷಧದ ಚೀಟಿಯೊಂದಕ್ಕೆ 1 ಷಿಲಿಂಗು ಶುಲ್ಕವು ಬಂದಿತು.

ವಿಲ್ಸನ್ನರು ಪ್ರಧಾನಮಂತ್ರಿಗಳಾದ ತರುವಾಯ, 1965ರಲ್ಲಿ, ಔಷಧದ ಶುಲ್ಕವನ್ನು ತೆಗೆದುಹಾಕಿದರು. ಕಾಲದ ಮಹಿಮೆಯನ್ನು ನೋಡಿರಿ: 1967ರಲ್ಲಿ ಪೌಂಡಿನ ಬೆಲೆಯನ್ನು ಇಳಿಸಬೇಕಾಗಿ ಬಂದು, 1968ರ ಜೂನ್ ತಿಂಗಳಲ್ಲಿ ಅವರ ಸರ್ಕಾರವೇ ಔಷಧವೊಂದಕ್ಕೆ ಎರಡೂವರೆ ಷಿಲಿಂಗಿನಂತೆ ಶುಲ್ಕವನ್ನು ಮರಳಿ ತಂದಿತು.

ಆದರೆ ಈ ಬಾರಿ ಮಕ್ಕಳಿಗೂ ವೃದ್ಧರಿಗೂ ವಿನಾಯಿತಿ ದೊರೆಯಿತು. ದೀರ್ಘರೋಗಿಗಳಿಗಾಗಿ ಒಂದು ಪಟ್ಟಿಯೂ ಸಿದ್ಧವಾಯಿತು. ಔಷಧ ಬೇಕಾಗುವ ಮಧುಮೇಹ, ಅಪಸ್ಮಾರ, ಥೈರಾಯಿಡ್ ಗ್ರಂಥಿಯ ಕ್ಷೀಣತೆ ಮೊದಲಾದುವು ಅದರಲ್ಲಿ ಸೇರಿದುವು. ಉಬ್ಬಸವು ಸೇರಲಿಲ್ಲ. ಮಧುಮೇಹಿಗೆ ಎಲ್ಲ ಔಷಧಗಳೂ ಉಚಿತ; ಉಸಿರಿಗಾಗಿ ನಿತ್ಯ ಹೋರಾಡುವ ದುಡಿಮೆಗಾರನಿಗೆ ಮಾತ್ರ ಶುಲ್ಕ! ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ ವ್ಯಾಧಿಯ ಕಥೆಯು ಇನ್ನೂ ಮರುಕ ತರುವಂಥದು. ಪಟ್ಟಿಯಾದ ಕಾಲದಲ್ಲಿ ಆ ವ್ಯಾಧಿಯ ಮಕ್ಕಳು ಪ್ರಾಯಕ್ಕೆ ಬರುವುದೇ ವಿರಳವಾಗಿತ್ತು. ವೈದ್ಯಶಾಸ್ತ್ರವು ಅವರ ಆಯುಸ್ಸನ್ನು ಬೆಳೆಸಿತು, ಪಟ್ಟಿಯು ಬೆಳೆಯಲಿಲ್ಲ. ಬದುಕಿ ಉಳಿದವರಿಗೆ ಶುಲ್ಕವೇ ಕಾದಿತ್ತು.

2009ರಲ್ಲಿ ಕ್ಯಾನ್ಸರ್ ರೋಗವು ಆ ಪಟ್ಟಿಗೆ ಸೇರಿತು. ವೇಲ್ಸ್ 2007ರಲ್ಲಿಯೂ, ಉತ್ತರ ಐರ್ಲೆಂಡ್ 2010ರಲ್ಲಿಯೂ, ಸ್ಕಾಟ್ಲೆಂಡ್ 2011ರಲ್ಲಿಯೂ ಶುಲ್ಕವನ್ನೇ ರದ್ದುಮಾಡಿದುವು. ಇಂಗ್ಲೆಂಡು ಮಾತ್ರ ಉಳಿಸಿಕೊಂಡಿತು.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದು ಇಷ್ಟು. ಬೊಕ್ಕಸಕ್ಕೆ ಮಿತಿಯುಂಟೆಂಬುದು ನಿಜ. ಪಟ್ಟಿ ಮಾಡುವುದೂ ಅನಿವಾರ್ಯವಾಗಬಹುದು. ಆದರೆ ಪಟ್ಟಿಯೆಂಬುದು ಅದನ್ನು ಬರೆದ ದಿನದ ತಿಳಿವಳಿಕೆಯ ಗುರುತು ಮಾತ್ರ. ವೈದ್ಯವಿದ್ಯೆಯು ಮುಂದೆ ಸಾಗಿದಂತೆ ಅದನ್ನು ತಿದ್ದುತ್ತಿರುವುದು ದಯೆಯಲ್ಲ, ರಾಜ್ಯದ ಕರ್ತವ್ಯ.